ಕಮಾನಿಗೆ ಹಚ್ಚಿದ ಎಣ್ಣೆ

ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದವಳು ನಾನು. ಸೊಂಟದ ತನಕ ಕುಣಿಯೊಳಗೆ. ನಲವತ್ತು ವರ್ಷ ಗಜೇಂದ್ರಗಡವನ್ನು ನೋಡಿದ್ದು ಅಷ್ಟೇ ಎತ್ತರದಿಂದ. ಮೊಮ್ಮಗಳನ್ನು ಪಿಟೀಲಿನ ಪಾಠಕ್ಕೆ ರೋಣದ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದವಳು ಸೊಸೆ. ನಾನು ಒಳಕೋಣೆಯಿಂದ ಬರುವ ಮೊಮ್ಮಗಳ ಪಿಟೀಲಿನ ದನಿ ಕೇಳುತ್ತ ಲಾಳಿ ಎಸೆಯುತ್ತಿದ್ದೆ.

ಈಗ ಅವಳು ಮುಂಬೈ, ವಿಲಾಯತಿಯಲ್ಲೆಲ್ಲ ನುಡಿಸಿ ಬಂದ ದೊಡ್ಡ ಹೆಸರಿನವಳು. ಈ ವರ್ಷ ಮೊದಲ ಸಲ ನಮ್ಮೂರಲ್ಲೇ ಕಛೇರಿ. ಎರಡು ದಿನ ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ.

ಅವತ್ತು ಮಧ್ಯಾಹ್ನ ಅವಳು ಸ್ನಾನಕ್ಕೆ ಹೋದಾಗ ಪಿಟೀಲಿನ ಪೆಟ್ಟಿಗೆ ತೆರೆದು ನೋಡಿದೆ. ತಂತಿಯ ಮೇಲೆ ಎಳೆಯುವ ಎರಡು ಕಮಾನು. ಅವಕ್ಕೆ ಕಟ್ಟಿದ ಕೂದಲ ತುಂಬ ಬಿಳಿ ಧೂಳು. ಪಾಪ, ಒರೆಸಲಿಕ್ಕೂ ಪುರಸೊತ್ತಿಲ್ಲ ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದೆ. ಚೆನ್ನಾಗಿ ಜಾರಲಿ ಎಂದು, ಲಾಳಿಗೆ ಹಚ್ಚುವಂತೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡಕ್ಕೂ.

ಸಂಜೆ ಮುಂದಿನ ಸಾಲಿನ ಸೋಫಾದಲ್ಲಿ ಇಬ್ಬರು ದೊಡ್ಡ ಮನುಷ್ಯರ ನಡುವೆ ನನ್ನನ್ನು ಕೂರಿಸಿ ಹಾರ ಹಾಕಿ ಶಾಲು ಹೊದಿಸಿದರು. ಸೋಫಾದೊಳಗೆ ಹೂತುಹೋದೆ. ಮೊಮ್ಮಗಳು ಕಮಾನು ಎಳೆದಳು. ದನಿಯಿಲ್ಲ. ಇನ್ನೊಂದನ್ನು ತೆಗೆದಳು, ಅದೂ ಜಾರಿತು. ಮೂಸಿ ನೋಡಿ, ನೆಟ್ಟಗೆ ನನ್ನ ಕಡೆ ನೋಡಿದಳು. ಆ ಧೂಳು ರಾಳದ್ದು, ಅದಿಲ್ಲದೆ ತಂತಿ ನುಡಿಯುವುದಿಲ್ಲ ಎಂದು ಆಮೇಲೆ ತಿಳಿಯಿತು. ಆಗ ಹೊಳೆದದ್ದು ಎಣ್ಣೆ ಒಂದೇ. ಎದ್ದು ಓಡೋಣವೆಂದರೆ ಎರಡೂ ಕಡೆ ದಾರಿಯಿರಲಿಲ್ಲ.

“ಆಯಿ, ಎಣ್ಣಿ ಹಚ್ಚೀಯೇನ?” ಮೈಕಿನಲ್ಲೇ ಕೇಳಿದಳು.

“ಹೂಂನವ್ವ. ಎರಡಕ್ಕೂ ಹಚ್ಚೇನಿ.”

“ನನ್ನ ತಲಿಗರ ಹಚ್ಚಿದ್ರ ಕೂದ್ಲಾ ಬೆಳೀತಿದ್ವು.”

ಸಭೆಯೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿದೆ. ಊರಿನ ಸಂಗೀತ ಮಾಸ್ತರರು ತಮ್ಮ ಕಮಾನು ತರಲು ಮನೆಗೆ ಓಡಿದರು. ಅಲ್ಲಿಯ ತನಕ ಅವಳು ಬೆರಳಿನಿಂದಲೇ ತಂತಿ ಮೀಟತೊಡಗಿದಳು. ಟಕ್, ಟಕಟಕ್. ನನ್ನ ಮಗ್ಗದ ನಡೆ. ಒಳಕೋಣೆಯಲ್ಲಿ ಕೂತು ಅವಳೂ ನನ್ನ ಸಪ್ಪಳ ಕೇಳುತ್ತಿದ್ದಳೇನೋ. ನನ್ನ ಕಾಲುಗಳು ತಾವಾಗಿಯೇ ಮಗ್ಗ ತುಳಿಯತೊಡಗಿದವು.

“ಸುಮ್ಮ ಕುಂದರ್ರಿ, ಅಮ್ಮಾರ,” ಎಂದರು ಪಕ್ಕದವರು. ಕಾಲು ಕೇಳಲಿಲ್ಲ.

ಮಾಸ್ತರರ ಕಮಾನು ಬಂದ ಮೇಲೆ ಎರಡು ತಾಸು ನುಡಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕಿವಿಯಲ್ಲಿ ಉಳಿದದ್ದು ಮೊದಲಿನ ಆ ಟಕಟಕವೇ.

ಮರುದಿನ ಹೊರಡುವಾಗ ಎಣ್ಣೆ ಹಚ್ಚಿದ ಒಂದು ಕಮಾನು ನನ್ನ ಕೈಗಿಟ್ಟಳು. “ಇದನ್ನ ನೀ ಇಟ್ಕೋ. ಪೆಟಗಿ ಮಾತ್ರ ಮುಟ್ಟಬ್ಯಾಡ.”

ಮಗ್ಗದ ಮೇಲಿನ ಗೂಟಕ್ಕೆ ತೂಗುಹಾಕಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ, ಕೇಳದಿದ್ದರೂ.