ಬೀಪಾತು ತರುವ ನಿಂಬೆಹೋಳು

ನಿಂಬೆಹಣ್ಣು ಕೊಯ್ದ ವಾಸನೆ ಬಾಗಿಲು ತೆರೆಯುವ ಮುಂಚೆಯೇ ಒಳಗೆ ಬಂತು. ಬಂದವಳು ಬೀಪಾತು ಎಂದು ನೋಡದೆಯೇ ಹೇಳಿದೆ. ಪಕ್ಕದ ಮುಸಲ್ಮಾನರ ಬೀದಿಯವಳು, ಮೂವತ್ತು ವರ್ಷ ನನ್ನ ಜೊತೆ ಅಡಿಕೆ ಸುಲಿದವಳು. ಓಟಿನ ದಿನ ಬೆಳಿಗ್ಗೆ ಅವಳ ಸೆರಗಿನಲ್ಲಿ ಎರಡು ನಿಂಬೆಹೋಳು ಇರುತ್ತವೆ. ನಾನು ಉಪ್ಪು ತರುತ್ತೇನೆ. ಇಬ್ಬರೂ ಜಗಲಿಯಲ್ಲಿ ಕೂತು ಎಡಗೈಯ ತೋರುಬೆರಳನ್ನು ಚರ್ಮ ಉರಿಯುವವರೆಗೆ ತಿಕ್ಕಿ, ಆಮೇಲೆ ಓಟಿಗೆ ಹೋಗುತ್ತೇವೆ.

ಯಾಕೆ ಎಂದು ಕೇಳುತ್ತೀರಿ. ನೀವು ಅಡಿಕೆ ಸುಲಿದವರಲ್ಲ, ಬಿಡಿ. ಹಸಿ ಅಡಿಕೆಯ ಚೊಗರು ಹತ್ತಿದರೆ ಬೆರಳು ಕಪ್ಪಾಗುತ್ತದೆ, ಸುಗ್ಗಿ ಮುಗಿದು ತಿಂಗಳಾದರೂ ಹೋಗುವುದಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತರೆ, ಕೈ ತೊಳೆದಿಲ್ಲವೇನೋ ಎಂದು ಪಕ್ಕದವರು ಎಲೆಯನ್ನು ಅತ್ತ ಸರಿಸುತ್ತಾರೆ. ಈಗ ಸುಲಿಯುವ ಮಿಷನ್ ಬಂದಿದೆ. ಅದು ಅರ್ಧ ಸುಲಿದು ಬಿಟ್ಟ ಕಾಯಿ ಮಾತ್ರ ನಮ್ಮ ಪಾಲಿಗೆ. ಬೆರಳು ಕಪ್ಪಾಗಲು ಅಷ್ಟು ಸಾಕು.

ಹತ್ತು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ನರಸಿಂಹರಾಜಪುರದಲ್ಲಿ ಪಟ್ಟಣ ಪಂಚಾಯ್ತಿ ಓಟು, ಅದೂ ಸುಗ್ಗಿಯ ನಡುವೆ. ಆ ಸಲ ಗಾಳಿಯೇ ಸರಿ ಇರಲಿಲ್ಲ. ಭಾಷಣ ಮಾಡಲು ಎಲ್ಲಿಂದಲೋ ಬಂದವರು, ಅವರ ಬೀದಿ ಬೇರೆ, ನಮ್ಮ ಬೀದಿ ಬೇರೆ ಎಂದು ಹೇಳಿಕೊಟ್ಟು ಜೀಪು ಹತ್ತಿ ಹೋಗಿದ್ದರು. ನಲ್ಲಿಯ ಹತ್ತಿರ ಕೊಡ ಇಡುವಾಗಲೂ ಹೆಂಗಸರು ಮುಖ ನೋಡುತ್ತಿರಲಿಲ್ಲ. ನಾನೇನು ಸಾಚಾ ಅಲ್ಲ, ನಾನೂ ನೋಡುತ್ತಿರಲಿಲ್ಲ.

ಬೂತಿನ ಸಾಲಿನಲ್ಲಿ ಬೀಪಾತು ನನ್ನ ಮುಂದೆ ಇದ್ದಳು. ಒಳಗೆ ಒಂದು ಪಕ್ಷದ ಏಜೆಂಟ್ ಆಗಿ ಕೂತವನು ನನ್ನ ಸ್ವಂತ ತಮ್ಮ ಸುಂದರ. ಶಾಯಿ ಹಾಕಲು ಇವಳು ಬೆರಳು ಚಾಚಿದ್ದೇ ತಡ, ಅವನು ಎದ್ದು ನಿಂತ.

"ಇವಳು ಬೇರೆ ಬೂತಲ್ಲಿ ಹಾಕಿ ಬಂದಿದಾಳೆ ಸಾರ್. ಶಾಯಿ ತಿಕ್ಕಿ ಬಂದಿದಾಳೆ, ನೋಡಿ. ಕಳ್ಳ ಓಟು!"

"ಇದು ಚೊಗರು ಮಾರಾಯ," ಎಂದಳು ಬೀಪಾತು. "ನಿನ್ನ ಅಮ್ಮನ ಬೆರಳು ಯಾವ ಬಣ್ಣ ಇತ್ತು?"

 ಸುಂದರ ನನ್ನ ಕಡೆ ಒಂದು ನೋಟ ನೋಡಿದ. ನನ್ನ ಬೆರಳೂ ಅಷ್ಟೇ ಕಪ್ಪು. ಅದನ್ನು ಎತ್ತಿ ತೋರಿಸಿದ್ದರೆ ಗಲಾಟೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೈಯನ್ನು ಸೆರಗಿನೊಳಗೆ ಹಾಕಿಕೊಂಡೆ. ಬೀಪಾತುವನ್ನು ಹೊರಗೆ ಕಳಿಸಿದರು. ನಾನು ಮುಂದೆ ಹೋದೆ, ಅದೇ ಕಪ್ಪು ಬೆರಳಿಗೆ ಶಾಯಿ ಹಾಕಿಸಿಕೊಂಡು ಓಟು ಹಾಕಿದೆ. ಯಾರೂ ಒಂದು ಮಾತು ಕೇಳಲಿಲ್ಲ.

ಹೊರಗೆ ಬರುವಷ್ಟರಲ್ಲಿ ಸುದ್ದಿ ರಸ್ತೆಗೆ ಹೋಗಿತ್ತು. ಆ ಕಡೆಯಿಂದ ಅವರ ಹುಡುಗರು, ಈ ಕಡೆಯಿಂದ ನಮ್ಮವರು. ಮೊದಲ ಕಲ್ಲು ಯಾರದ್ದು ಎಂದು ಇವತ್ತಿಗೂ ಜಗಳ ಇದೆ. ಒಂದು ಬೈಕು ಉರಿಯಿತು. ಒಬ್ಬರ ತಲೆ ಒಡೆದು ರಕ್ತ ಬಂದದ್ದನ್ನು ನಾನೇ ಕಂಡೆ. ಓಡಲು ಹೋದೆ, ನನ್ನ ಮೈಗೆ ಓಟ ಎಲ್ಲಿ ಬರಬೇಕು? ಚರಂಡಿಗೆ ಕಾಲು ಹಾಕಿ ಮಗುಚಿ ಬಿದ್ದೆ. ಪಾದ ಉಳುಕಿ ಏಳಲಾಗಲಿಲ್ಲ. ಯಾರೋ ಬಂದು ರಟ್ಟೆ ಹಿಡಿದು, ಅಡಿಕೆ ಮೂಟೆಯ ಹಾಗೆ ಎಳೆದುಕೊಂಡು ಹೋಗಿ ಒಳಗೆ ಕೂರಿಸಿದರು. ತಲೆ ಎತ್ತಿ ನೋಡಿದರೆ ಬೀಪಾತು. ಅದು ಅವಳದೇ ಮನೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವರ ಬೀದಿಯ ನಾಲ್ಕೈದು ಹುಡುಗರು. ಬೀಪಾತು ಆಗಲೇ ಹೊಸ್ತಿಲಿಗೆ ಅಡ್ಡವಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಳು. ಮಣೆಗೆ ಕತ್ತಿ ಸಿಕ್ಕಿಸಿ, ಮಣೆಯನ್ನು ಕಾಲಲ್ಲಿ ಮೆಟ್ಟಿ ಅಡಿಕೆ ಸುಲಿಯುವುದು ಅದರಲ್ಲೇ. ಅವರ ಮನೆಭಾಷೆ ನನಗೆ ಅರ್ಥವಾಗುತ್ತದೆ, ಒಟ್ಟಿಗೆ ಕೂತು ಸುಲಿದು ಕಲಿತದ್ದು.

"ಮಾಮಿ, ಆ ಸುಂದರನ ಅಕ್ಕ ಒಳಗಿದ್ದಾಳಾ?"

"ಇದ್ದಾಳೆ," ಎಂದಳು, ಸುಲಿಯುವ ಕೈ ನಿಲ್ಲಿಸದೆ. ಸುಳ್ಳನ್ನಾದರೂ ಹೇಳಬಾರದಿತ್ತೇ ಇವಳು ಎಂದುಕೊಂಡು ಮೂಲೆಗೆ ಸರಿದೆ. "ನನ್ನ ಜೊತೆ ಸುಲಿಯುವವಳು. ಕತ್ತಿ ದಾಟಿ ಹೋಗ್ತೀರಾ? ಹೋಗಿ, ನೋಡುವ."

ಸುಲಿಯಲು ಕೂತವಳ ಮೆಟ್ಟುಗತ್ತಿಯನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ. ಮಗು ದಾಟಿದರೂ ಬೆನ್ನಿಗೆ ಒಂದು ಬೀಳುತ್ತದೆ. ಆ ಹುಡುಗರೆಲ್ಲ ಸುಲಿಯುವವರ ಮಕ್ಕಳೇ. ಕತ್ತಿ ನೋಡಿದರು, ಅವಳನ್ನು ನೋಡಿದರು, ಗೊಣಗುತ್ತ ಹೋದರು.

ಆಮೇಲೆ ಹಾಲಿಲ್ಲದ ಚಾ ಕೊಟ್ಟು, ನನ್ನ ಪಾದಕ್ಕೆ ಎಣ್ಣೆ ನೀವುತ್ತ ಒಂದೇ ಮಾತು ಹೇಳಿದಳು.

"ನಿನ್ನ ಬೆರಳೂ ಕಪ್ಪೇ ಇತ್ತಲ್ಲ, ಅಕ್ಕ."

ನಾನು ಚಾ ಕುಡಿದೆ. 

ಸುಂದರನಿಗೂ ಅದು ಚೊಗರೆಂದು ಗೊತ್ತಿತ್ತು. ಮುಂದೊಂದು ದಿನ ಅವನೇ ಒಪ್ಪಿಕೊಂಡ. ನಾನು ಬೈದೆ. ಬೈಯುವ ಬಾಯಿ ಆ ದಿನ ಎಲ್ಲಿ ಹೋಗಿತ್ತು ಎಂದು ಅವನು ಕೇಳಲಿಲ್ಲ, ಪುಣ್ಯಕ್ಕೆ.

ಮುಂದಿನ ಓಟಿಗೆ ಬೀಪಾತು ನಿಂಬೆಹೋಳು ತಂದಳು. ನನಗೂ ಒಂದು. ಇಷ್ಟು ವರ್ಷ ಅದನ್ನು ಗೆಳೆತನದ ಆಟ ಎಂದುಕೊಂಡು ತಿಕ್ಕಿದೆ. ಮೊನ್ನೆ ಓಟಿನ ಬೆಳಿಗ್ಗೆ ಅವಳ ಬೆರಳು ಕಪ್ಪು ಹೋಗದೆ ಬದಿಯಲ್ಲಿ ಸಿಪ್ಪೆ ಎದ್ದು ಕೆಂಪಾದದ್ದು ಕಂಡಾಗ ನನ್ನ ಮಂದಬುದ್ಧಿಗೆ ಹೊಳೆಯಿತು: ನಾನು ತಿಕ್ಕದಿದ್ದರೂ ನಡೆಯುತ್ತದೆ, ಅವಳು ತಿಕ್ಕದಿದ್ದರೆ ನಡೆಯುವುದಿಲ್ಲ. ಹೋಳನ್ನು ಕಸಿದುಕೊಂಡೆ.

"ಸಾಕು, ಬಿಡು. ಹೀಗೇ ಹೋಗುವ."

"ತಲೆ ಕೆಟ್ಟಿದೆಯಾ ಮಾರಾಯ್ತಿ? ನಂಗೆ ಓಟು ಹಾಕ್ಬೇಕು."

"ಹಾಕ್ತೀಯ. ನಾನು ಮುಂದೆ ನಿಲ್ತೇನೆ."

ಬೂತಿನಲ್ಲಿ ನನ್ನ ಬೆರಳಿಗೆ ಶಾಯಿ ಬಿತ್ತು, ಎಂದಿನಂತೆ ಯಾರೂ ನೋಡಲಿಲ್ಲ. ಬೀಪಾತು ಕೈ ಚಾಚಿದಾಗ ಒಬ್ಬ ಏಜೆಂಟ್ ಕತ್ತು ಉದ್ದ ಮಾಡಿ ಎದ್ದ. ನಾನು ಅಲ್ಲೇ ನಿಂತಿದ್ದೆ. ನನ್ನ ಕೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ.

"ಅಡಿಕೆ ಚೊಗರು. ನಂದೂ ಅದೇ. ನಂದನ್ನು ಎಂತಕ್ಕೆ ನೋಡ್ಲಿಲ್ಲ ನೀನು?"

ಅವನು ಕೂತ. ಶಾಯಿ ಹಾಕುವ ಹುಡುಗಿ ನಕ್ಕು ಬೀಪಾತುವಿನ ಬೆರಳಿಗೆ ಗೆರೆ ಎಳೆದಳು. ಕಪ್ಪಿನ ಮೇಲೆ ಕಪ್ಪು, ಇಬ್ಬರದ್ದೂ ಕಾಣಲಿಲ್ಲ.

ಮನೆಗೆ ಬಂದು ಆ ಎರಡು ಹೋಳನ್ನು ಹಿಂಡಿ ಶರಬತ್ತು ಮಾಡಿದೆ. ತಪ್ಪಾಯ್ತು ಎನ್ನುವ ಒಂದು ಮಾತು ಇಷ್ಟು ವರ್ಷ ಬಾಕಿ ಉಳಿದಿತ್ತು. ಲೋಟ ಕೈಗೆ ಕೊಟ್ಟೆ.

"ಉಪ್ಪು ಜಾಸ್ತಿ ಆಯ್ತು, ಅಕ್ಕ," ಎಂದಳು.

"ಸುಮ್ಮನೆ ಕುಡಿ," ಎಂದೆ.