ದಾರದ ಎರಡನೇ ಗಂಟು

ನಮ್ಮ ಮನೆಗೆ ಹೋಂ ಥಿಯೇಟರ್ ಬಂದದ್ದು ಸಿನಿಮಾ ನೋಡುವುದಕ್ಕಲ್ಲ. ಹಾಗೆಂದರೆ ಹೆಂಡತಿ ಈಗಲೂ ನಗುತ್ತಾಳೆ, ನಗಲಿ. ಒಂದು ದಿನ ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ತಲೆಯೆತ್ತದೆ, "ಅಕ್ಕಯ್ಯನ ದನಿ ಮರ್ತೋಯ್ತಾ ಐತೆ ಕಣ್ಲಾ. ಮುಖ ಕಣ್ಮುಂದೆ ಬತ್ತದೆ, ದನಿ ಬರಾಕಿಲ್ಲ" ಅಂದಳು. ಅಂದು ಮತ್ತೆ ಕಾಯಿ ಸುಲಿಯತೊಡಗಿದಳು. ನನಗೆ ಆವತ್ತು ಊಟ ಸೇರಲಿಲ್ಲ.

ಅಕ್ಕಯ್ಯ ಅಂದರೆ ನನ್ನ ದೊಡ್ಡವ್ವ. ಚನ್ನರಾಯಪಟ್ಟಣದ ಆಚೆ ದಂಡಿಗನಹಳ್ಳಿಗೆ ಕೊಟ್ಟಿದ್ದರು. ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಗೆ ಮುಂಚೆ ಅಕ್ಕತಂಗಿಯರಿಬ್ಬರೂ ರಾಗಿಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತು, ಒಂದೇ ಗೂಟ ಹಿಡಿದು ಬೀಸುತ್ತಾ ಹಾಡಿದವರು. ಆಮೇಲೆ ನಂಟರಿಷ್ಟರ ಯಾವ ಮದುವೆಯಾದರೂ ಸೋಬಾನೆ ಪದಕ್ಕೆ ಇವರೇ ಜೋಡಿ. ದೊಡ್ಡವ್ವ ಹೋದ ಮೇಲೆ ಅವ್ವ ಒಂದು ಸಾಲೂ ಹಾಡಿರಲಿಲ್ಲ. ಯಾರಾದರೂ ಕರೆದರೆ, "ಸಾಲು ಎತ್ಕೊಡೋರಿಲ್ದೆ ಏನ್ ಪದ ಆಡದು" ಅನ್ನುತ್ತಿದ್ದಳು.

ನನ್ನ ಮದುವೆಯಲ್ಲಿ ಇಬ್ಬರೂ ಹಾಡಿದ್ದ ಕ್ಯಾಸೆಟ್ಟೊಂದು ದಂಡಿಗನಹಳ್ಳಿಗೆ ಹೋಗಿ ಹುಡುಕಿದಾಗ ದೊಡ್ಡವ್ವನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಸಿಕ್ಕಿತು. ಚನ್ನರಾಯಪಟ್ಟಣದ ಸ್ಟುಡಿಯೋದವರು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಮನೆಗೆ ಬಂದವನೇ ಮೊಬೈಲಿಗೆ ಹಾಕಿಕೊಂಡು ಅವ್ವನ ಕಿವಿಗೆ ಹಿಡಿದೆ. ಅವಳು ಸ್ವಲ್ಪ ಹೊತ್ತು ಕೇಳಿ, "ಯಾರ್ಲಾ ಇವ್ಳು? ಡಬ್ಬದೊಳಗೆ ಕುಂತ್ಕಂಡು ಕಿರುಚ್ತಾವ್ಳೆ. ನಮ್ಮಕ್ಕಯ್ಯ ಅಲ್ಲ ಬುಡು" ಅಂದುಬಿಟ್ಟಳು.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಶಬ್ದದ ಪಾಠವನ್ನು ಇಪ್ಪತ್ತೈದು ವರ್ಷ ಮಾಡಿದವನು. ಡಬ್ಬ ಅಂದಳಲ್ಲ, ಡಬ್ಬವನ್ನೇ ಬದಲಾಯಿಸುತ್ತೇನೆ ಅಂತ ಹಟ ಹುಟ್ಟಿತು. ಹಾಸನಕ್ಕೆ ಹೋಗಿ ಅಂಗೈ ಅಗಲದ ಪುಟ್ಟ ಸ್ಪೀಕರುಗಳ ಹೋಂ ಥಿಯೇಟರ್ ಸೆಟ್ಟೊಂದನ್ನು ತಂದೆ.

ತಂದು ಮಾಡಿದ್ದೇನು? ಸೂರಿನ ಹತ್ತಿರ ಮೊಳೆ ಹೊಡೆದು ನೇತುಹಾಕಿದೆ. ನಮ್ಮ ಕಡೆ ಸ್ಪೀಕರ್ ಅಂದರೆ ತೆಂಗಿನಮರಕ್ಕೋ ಲೈಟುಕಂಬಕ್ಕೋ ಕಟ್ಟುವ ವಸ್ತು. ಅದು ಮೇಲಿರಬೇಕು, ಊರಿಗೆಲ್ಲ ಕೇಳಬೇಕು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯಿತು ನನ್ನ ಶಬ್ದದ ಪಾಠ. ಹಾಡೆಲ್ಲ ಫ್ಯಾನಿಗೆ ಬಡಿದು ಚೂರಾಗಿ ಕೆಳಗೆ ಬೀಳುತ್ತಿತ್ತು. ಕತ್ತೆತ್ತಿ ಕೇಳಿ ಕೇಳಿ ಅವ್ವನ ಕತ್ತು ಹಿಡಿದುಕೊಂಡಿತು.

ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕೆ ಇಡಬೇಕು ಎಂದು ಹೊಳೆದದ್ದು ಆಮೇಲೆ. ಮತ್ತೆ ಹಾಸನ. ಅಂಗಡಿಯಲ್ಲಿ ತೆಳು ಪೈಪಿನ ಸ್ಟ್ಯಾಂಡು, ಗಾಜಿನ ತಳದ ಸ್ಟ್ಯಾಂಡು, ಎಲ್ಲ ಥಳಥಳ. ಥಳಥಳಕ್ಕೆ ಮರುಳಾಗಿ ಪೈಪಿನದನ್ನು ತಂದೆ. ದೊಡ್ಡವ್ವ ದನಿ ಏರಿಸಿದಾಗಲೆಲ್ಲ ಪೈಪು ತಾನೂ ಝುಂಯ್ ಅಂತ ಸೇರಿಕೊಳ್ಳುತ್ತಿತ್ತು. ಪಕ್ಕದಲ್ಲಿ ಯಾರಾದರೂ ನಡೆದರೆ ಇಡೀ ಸ್ಟ್ಯಾಂಡು ತಲೆಯಾಡಿಸುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಸಿಟ್ಟು ಬಂದು ಒಂದನ್ನು ಒದ್ದೆ, ಕಾಲಿಗೇ ಪೆಟ್ಟಾಯಿತು.

ಅರಕಲಗೂಡಿನ ಒಬ್ಬ ಬಡಗಿಯ ಹೆಸರು ಹೇಳಿದ್ದು ನಮ್ಮ ಶಾಲೆಯ ಕನ್ನಡ ಮೇಷ್ಟ್ರು. ಬಡಗಿ ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನಾನು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದ ಅಳತೆಯನ್ನು ಆತ ನೋಡಲೂ ಇಲ್ಲ. "ಕೇಳೋರು ಯಾರು ಸಾ?" ಅಂದ. ನಮ್ಮವ್ವ ಅಂದೆ. "ಅಂಗಾದ್ರೆ ಅವ್ರು ಕೂರೋ ಜಾಗ ತೋರ್ಸಿ. ಟಿವಿ ಎಲ್ಲಿದ್ರೆ ನಂಗೇನು?" ಅಂಗಡಿಯ ಯಾರೊಬ್ಬರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಆ ಭಾನುವಾರ ಬಸ್ಸಿನಲ್ಲಿ ಬಂದ. ಹಜಾರದಲ್ಲಿ ಅವ್ವ ಎಂದಿನಂತೆ ಕಂಬಕ್ಕೊರಗಿ, ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೂತ್ಕೊಳ್ಳಿ ಅಂತ ನಾನು ಕುರ್ಚಿ ಎಳೆದೆ. ಆತ ಕೂರಲೊಲ್ಲ. "ಅವ್ವಾರು ಕೆಳಗೆ, ನಾನು ಮ್ಯಾಲಾ? ಬ್ಯಾಡಿ ಸಾ. ಮ್ಯಾಲೆ ಬನ್ನಿ ಅವ್ವಾರೇ" ಅಂದ. ಅವ್ವ ನಾಚಿಕೊಂಡು, ಸೆರಗು ಹೊದ್ದು, ಎದ್ದು ಬಂದು ಕುರ್ಚಿಯ ಮೇಲೆ ನೆಟ್ಟಗೆ ಕೂತಳು. ಆತ ಜೇಬಿನಿಂದ ದಾರ ತೆಗೆದು, ನೆಲದಿಂದ ಅವಳ ಕಿವಿಯವರೆಗೆ ಹಿಡಿದು, ಒಂದು ಗಂಟು ಹಾಕಿದ. ಕಾಫಿ ಕುಡಿದು ಹೋದ.

ಮೂರು ವಾರಕ್ಕೆ ಸ್ಟ್ಯಾಂಡುಗಳು ಬಂದವು. ಹಲಸಿನ ಮರ, ಒಂದೊಂದಕ್ಕೆ ಒಂದೊಂದೇ ದಪ್ಪ ಕಾಲು, ಅಗಲವಾದ ತಳ. ಕೈಯಿಟ್ಟು ನೂಕಿದರೂ ಅಲುಗಾಡದು. ಒಂದರ ಮೇಲೆ ಎಡಗಡೆಯದು, ಇನ್ನೊಂದರ ಮೇಲೆ ಬಲಗಡೆಯದು, ಎರಡೇ ಸ್ಪೀಕರ್ ಇಟ್ಟು ಹಾಡು ಹಾಕಿದೆ. ಝುಂಯ್ ಇಲ್ಲ. ನಾನು ಹೆಮ್ಮೆಯಿಂದ ಅವ್ವನ ಕಡೆ ತಿರುಗಿದೆ. ಚಾಪೆಯ ಮೇಲಿದ್ದ ಅವ್ವ, "ಚೆಂದಾಗೈತೆ. ಯಾರೋ ನಿಂತ್ಕಂಡು ಆಡ್ತಾವ್ರೆ" ಅಂದಳು. "ಅಕ್ಕಯ್ಯ ಯಾವತ್ತು ನಿಂತ್ಕಂಡು ಆಡವ್ಳೆ?"

ಆಗ ತಲೆಗೆ ಹೊಳೆಯಿತು. ಅವ್ವ ಹುಟ್ಟಿದಾಗಿನಿಂದ ನೆಲದ ಮೇಲೆ ಕೂತವಳು. ಅಳತೆಯ ದಿನ ಐದು ನಿಮಿಷ ಮಾತ್ರ, ಅದೂ ಮರ್ಯಾದೆಗಾಗಿ, ಕುರ್ಚಿ ಹತ್ತಿದ್ದಳು. ಆತ ಮರ್ಯಾದೆ ಕೊಟ್ಟ, ಇವಳು ಮರ್ಯಾದೆ ಇಟ್ಟುಕೊಂಡಳು, ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಮೂವರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಬಡಗಿಗೆ ಫೋನ್ ಮಾಡಿ ಹೇಳಿದೆ. "ನಂದೇ ತಪ್ಪು ಸಾ. ಗರಗಸ ತತ್ತೀನಿ" ಅಂದ.

ಈ ಸಲ ಆತ ಕುರ್ಚಿಯ ಕಡೆ ನೋಡಲೇ ಇಲ್ಲ. ಸೀದಾ ಹೋಗಿ ಅವ್ವನ ಎದುರು ನೆಲದ ಮೇಲೆ ಕೂತು, "ನಿಮ್ಮಕ್ಕ ಬೀಸೋವಾಗ ಎಲ್ ಕೂರೋರು ಅವ್ವಾರೇ?" ಅಂದ.

"ಈಗ ನೀನ್ ಕುಂತಿದೀಯಲ್ಲ, ಅಲ್ಲೇ ಕಣಪ್ಪ."

ಆತ ದಾರದ ತುದಿಯನ್ನು ನೆಲಕ್ಕೆ ಒತ್ತಿ ಇನ್ನೊಂದು ಕಡೆಯನ್ನು ತನ್ನ ಬಾಯಿಯವರೆಗೆ ಎಳೆದ. ಅವ್ವ ನಕ್ಕಳು. "ನಮ್ಮಕ್ಕಯ್ಯ ನಿನ್ನಂಗೆ ಉದ್ದ ಇರ್ಲಿಲ್ಲ, ಬುಡು" ಅನ್ನುತ್ತಾ ಮುಂದೆ ಬಾಗಿ ಅಂಗೈಯನ್ನು ಗಾಳಿಯಲ್ಲಿ ಕೆಳಗಿಳಿಸಿದಳು. ಇಳಿಸಿ, ಕಣ್ಣು ಮುಚ್ಚಿ, ಒಂದು ಬೆರಳಷ್ಟು ಮೇಲಕ್ಕೆತ್ತಿ ನಿಲ್ಲಿಸಿದಳು. "ಇಷ್ಟು." ಅರವತ್ತು ವರ್ಷದ ಹಿಂದಿನ ಒಂದು ಬಾಯಿಯ ಎತ್ತರ ಅವಳ ಕೈಗೆ ನೆನಪಿತ್ತು. ದಾರಕ್ಕೆ ಎರಡನೇ ಗಂಟು ಬಿತ್ತು.

ಹಿತ್ತಲಲ್ಲಿ ಸ್ಟ್ಯಾಂಡಿನ ಕಾಲು ಕೊಯ್ದು, ತಳ ಮತ್ತೆ ಕೂರಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು. ಆತ ಕೂತು ಎದ್ದಿದ್ದ ಜಾಗದ ಎರಡೂ ಬದಿಗೆ ಒಂದೊಂದು ಸ್ಟ್ಯಾಂಡ್ ಇಟ್ಟು, ಸ್ಪೀಕರುಗಳನ್ನು ಅವ್ವನ ಕಡೆ ತಿರುಗಿಸಿದೆವು. ಫ್ಯಾನ್ ಆರಿಸಿದೆ. ಹಾಡು ಹಾಕಿದೆ.

ದನಿ ಎಡಗಡೆಯ ಪೆಟ್ಟಿಗೆಯಿಂದ ಬರಲಿಲ್ಲ, ಬಲಗಡೆಯದರಿಂದಲೂ ಬರಲಿಲ್ಲ. ಎರಡರ ನಡುವಿನ ಖಾಲಿ ಜಾಗದಿಂದ ಬಂತು, ನೆಲದ ಮೇಲೆ ಕೂತ ಒಬ್ಬ ಹೆಂಗಸಿನ ಬಾಯಿಯ ಎತ್ತರದಿಂದ. ಯಾಕೆ ಹಾಗಾಗುತ್ತದೆ ಎಂದು ನನಗೆ ಗೊತ್ತು. ಎರಡು ಕಡೆಯಿಂದ ಒಂದೇ ಶಬ್ದ ಒಟ್ಟಿಗೆ ಬಂದರೆ ಕಿವಿ ಅದನ್ನು ನಡುವೆ ತಂದು ಕೂರಿಸುತ್ತದೆ. ಬೋರ್ಡಿನ ಮೇಲೆ ಎಷ್ಟೋ ಸಲ ಗೆರೆ ಎಳೆದು ತೋರಿಸಿದ್ದೇನೆ. ಆದರೂ ನಿಂತಲ್ಲೇ ಕೈಮುಗಿಯಬೇಕು ಅನ್ನಿಸಿತು. ಬಡಗಿ ಗರಗಸ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟಿದ್ದ.

ಅವ್ವ ಚಾಚಿದ್ದ ಕಾಲುಗಳನ್ನು ಮೆಲ್ಲಗೆ ಹಿಂದಕ್ಕೆಳೆದು ಮಡಿಸಿಕೊಂಡಳು. ದೊಡ್ಡವರ ಕಡೆ ಕಾಲು ಚಾಚಬಾರದು ಅಂತ ನಮಗೆ ಕಲಿಸಿದವಳು ಅವಳೇ. ಅಷ್ಟರಿಂದಲೇ ನನಗೆ ತಿಳಿಯಿತು, ಈ ಸಲ ಅವಳಿಗೆ ಅಕ್ಕ ಸಿಕ್ಕಿದಳು ಅಂತ.

ಹಾಡು ನಡೆದಿತ್ತು. ಒಂದು ಸಾಲು ದೊಡ್ಡವ್ವ, ಒಂದು ಸಾಲು ಆಗಿನ ನನ್ನವ್ವ. ಮೂರನೇ ಪದದಲ್ಲಿ ಟೇಪಿನಲ್ಲಿದ್ದ ಅವ್ವನಿಗೆ ಕೆಮ್ಮು ಬಂದು ಸಾಲು ಅರ್ಧಕ್ಕೆ ನಿಂತಿತು. ಮೊಬೈಲಿನಲ್ಲಿ ಅಲ್ಲಿ ಬರೀ ಗೊರಗೊರ ಇತ್ತು, ಟೇಪು ಹಾಳಾಗಿದೆ ಅಂದುಕೊಂಡಿದ್ದೆ. ಈಗ ಆ ಗೊರಗೊರದೊಳಗಿನಿಂದ, ಪಕ್ಕದಲ್ಲಿದ್ದವರಿಗಷ್ಟೇ ಕೇಳಲಿ ಅಂತ ಹೇಳಿದ ಒಂದು ಪಿಸುಮಾತು ಸ್ಪಷ್ಟವಾಗಿ ಬಂತು.

"ಬುಡು, ನಾನ್ ಎತ್ಕತೀನಿ."

ದೊಡ್ಡವ್ವ ಮುಂದಿನ ಸಾಲಿಗೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಅಷ್ಟರಲ್ಲಿ ಚಾಪೆಯ ಮೇಲಿದ್ದ ಅವ್ವ ಎದುರಿನ ಖಾಲಿ ಜಾಗವನ್ನೇ ನೋಡುತ್ತಾ, "ಬ್ಯಾಡ ಕಣಕ್ಕಯ್ಯ, ತಡಿ. ನಾನೇ ಆಡ್ತೀನಿ" ಅಂದಳು. ಅಂದವಳೇ, ನನ್ನ ಮದುವೆಯಲ್ಲಿ ಅರ್ಧಕ್ಕೆ ನಿಂತಿದ್ದ ಸಾಲನ್ನು ಕೊನೆಯವರೆಗೂ ಹಾಡಿದಳು.