ಕಂಪ್ಯೂಟರ್ ಕೋಣೆಗೆ ಹಾಕಿದ ಸುಣ್ಣ

ಕೊಳ್ಳೇಗಾಲದ ಆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಒಂದು ಮಧ್ಯಾಹ್ನ ಬುಟ್ಟಿಗಟ್ಟಲೆ ಮಲ್ಲಿಗೆ ಹೂವು ತಂದಿಟ್ಟಿದ್ದರು. ಮಾರನೆಯ ದಿನ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಮನೆಯಲ್ಲಿ ನಾಮಕರಣ. ಹೂವು ಬಾಡಬಾರದೆಂದು ಎರಡು ಏಸಿಗಳನ್ನೂ ಹಾಕಿಸಿದ್ದರು. ಕರೆಂಟ್ ಹೋಗಿತ್ತು. ಹೊರಗಿನ ಶೆಡ್ಡಿನಲ್ಲಿ ನಾನು ಜನರೇಟರ್ ಓಡಿಸುತ್ತಿದ್ದೆ. ಅದರ ಹೊಗೆ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗಳ ಮೇಲೆ ಕಪ್ಪಗೆ ಕೂರುತ್ತಿತ್ತು. ಒಳಗೆ ಒಂದು ಕಂಪ್ಯೂಟರ್ ಕೂಡ ಚಾಲೂ ಇರಲಿಲ್ಲ. ಹೂವಿನ ಬುಟ್ಟಿಗಳ ನಡುವೆ ಚಾಪೆ ಹಾಸಿ, ಬಾಯಿ ಬಿಟ್ಟುಕೊಂಡು ಕಾರ್ಯದರ್ಶಿಗಳು ಗೊರಕೆ ಹೊಡೆಯುತ್ತಿದ್ದರು.

ನನಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ. ಜನರೇಟರ್ ಓಡಿದಷ್ಟೂ ನನಗೆ ಒಳ್ಳೆಯದಿತ್ತು. ಡೀಸೆಲ್ ತರುವವನು ನಾನೇ, ಸುರಿಯುವವನು ನಾನೇ. ಹನೂರಿನ ಮೇಲೆ ಹೂಗ್ಯಂ ಕಡೆಗೆ ಹೋಗುವ ಟೆಂಪೋದವನೊಬ್ಬನಿಗೆ ಆಗಾಗ ಒಂದು ಕ್ಯಾನ್ ದಾಟಿಸುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಅಷ್ಟು ಕುಡಿಯುವ ಯಂತ್ರ ಇನ್ನಷ್ಟು ಕುಡಿಯಿತು ಎಂದರೆ ಎಲ್ಲರೂ ನಂಬುತ್ತಿದ್ದರು.

ಅಸಹ್ಯ ಈಗ ಬರುತ್ತದೆ. ಆ ಕಾರ್ಯದರ್ಶಿಗಳ ಮೇಲಲ್ಲ.

ನಮ್ಮದು ಯಳಂದೂರು ತಾಲ್ಲೂಕಿನ ಅಗರ. ಎಂಬತ್ತರ ದಶಕದಲ್ಲಿ ನಾನು ನಾಲ್ಕನೆಯ ಕ್ಲಾಸಿಗೆ ಸ್ಕೂಲು ಬಿಟ್ಟೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು, ಸೊಪ್ಪು ಕೊಯ್ಯಲು ಕೈ ಬೇಕಿತ್ತು. ತಂಗಿ ಚಿಕ್ಕವಳು, ಅವಳು ಓದಿದಳು. ಹುಳು ಮನೆಯೇ ನಮ್ಮಿಬ್ಬರ ಆಟದ ಜಾಗ. ಬೇಸಿಗೆಯಲ್ಲಿ ಊರೆಲ್ಲ ಕಾದ ಹಂಚಾಗಿದ್ದರೂ ಅಲ್ಲಿ ತಂಪು. ಅವ್ವ ಕಿಟಕಿಗಳಿಗೆ ಗೋಣಿ ತಾಟು ಇಳಿಬಿಟ್ಟು ನೀರು ಚಿಮುಕಿಸುತ್ತಿದ್ದಳು. ಮಾಡಿನ ಕೆಳಗಿನ ಕಿಂಡಿಯಿಂದ ಬಿಸಿ ಗಾಳಿ ಆಚೆ ಹೋಗುತ್ತಿತ್ತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಅಲುಗಾಡದೆ ಕೂತಾಗ, ಹುಳು ಬಿಟ್ಟ ಬಿದಿರು ತಟ್ಟೆ ತೇವವಾಗಿದ್ದರೆ ಅವ್ವ ಹಳೆಯ ಸೀರೆ ತುಂಡಿನಲ್ಲಿ ಸುಣ್ಣದ ಪುಡಿ ಗಂಟು ಕಟ್ಟಿ ಮೇಲಿಂದ ತಟ್ಟುತ್ತಿದ್ದಳು. ತೇವವೆಲ್ಲ ಸುಣ್ಣ ಹೀರುತ್ತಿತ್ತು. ಬೀಡಿ ಸೇದಿದವರನ್ನು, ಸೀಮೆಎಣ್ಣೆ ಮುಟ್ಟಿದವರನ್ನು ಅವಳು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹುಳುವಿಗೆ ಆ ವಾಸನೆ ಆಗುವುದಿಲ್ಲ.

ತಂಗಿ ಬಿ.ಎಸ್ಸಿ. ಮುಗಿಸಿ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ತಾತ್ಕಾಲಿಕವಾಗಿ ಸೇರಿದಳು. ಕಾರ್ಯದರ್ಶಿಗಳ ಕೈಕಾಲು ಹಿಡಿದು ನನ್ನನ್ನು ಜನರೇಟರ್ ಕೆಲಸಕ್ಕೆ ಸೇರಿಸಿದವಳೂ ಅವಳೇ. ಇಬ್ಬರೂ ಕೊಳ್ಳೇಗಾಲದಲ್ಲೇ ಒಂದು ಸಣ್ಣ ಮನೆ ಹಿಡಿದಿದ್ದೆವು. ಅವಳು ಅಡಿಗೆ ಮಾಡುತ್ತಿದ್ದಳು, ನಾನು ಉಣ್ಣುತ್ತಿದ್ದೆ.

ಮೈಸೂರಿನ ಮೇಷ್ಟ್ರೊಬ್ಬರು ಆಗ ಅಲ್ಲಿಗೆ ಬಂದು ಹೋಗುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಮೇಲೆ ಬಿದ್ದ ಮಳೆಯಲ್ಲಿ ಎಷ್ಟು ಕಾಡು ಕುಡಿಯುತ್ತದೆ, ಎಷ್ಟು ಹೊಳೆಗೆ ಇಳಿಯುತ್ತದೆ ಎಂಬ ಲೆಕ್ಕ ಅವರದು. ಒಂದು ಕಂಪ್ಯೂಟರಿಗೆ ಆ ಲೆಕ್ಕ ಆಗುತ್ತಿರಲಿಲ್ಲ. ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಸೂಪರ್ ಕಂಪ್ಯೂಟರ್ ಇವೆಯಂತೆ, ನಮಗೆಲ್ಲಿ ಸಿಗಬೇಕು. ತಂಗಿ ಹಳೆಯ ಕಂಪ್ಯೂಟರುಗಳನ್ನು ವೈರಿನಿಂದ ಒಂದಕ್ಕೊಂದು ಸೇರಿಸಿ ಲೆಕ್ಕವನ್ನು ಹಂಚಿಕೊಳ್ಳುವಂತೆ ಮಾಡಿದಳು. ಮದುವೆ ಮನೆಯಲ್ಲಿ ಹೆಂಗಸರು ಸಾಲಾಗಿ ಕೂತು ತರಕಾರಿ ಹೆಚ್ಚುವ ಹಾಗೆ ಎಂದು ನನಗೆ ಬಿಡಿಸಿ ಹೇಳಿದ್ದಳು. ಕಾರ್ಯದರ್ಶಿಗಳು ಮಾರನೆಯ ದಿನವೇ ಬಾಗಿಲ ಮೇಲೆ ‘ಸೂಪರ್ ಕಂಪ್ಯೂಟರ್ ವಿಭಾಗ’ ಎಂದು ಬೋರ್ಡು ಬರೆಸಿದರು.

ಆದರೆ ಅಷ್ಟೂ ಒಟ್ಟಿಗೆ ಓಡಿದರೆ ಕೋಣೆ ಕಾಯುತ್ತಿತ್ತು. ಕಾದರೆ ಏಸಿ, ಕರೆಂಟ್ ಹೋದರೆ ಏಸಿಗೆಂದು ದೊಡ್ಡ ಜನರೇಟರ್. 2003ರ ಬೇಸಿಗೆಯ ಹೊತ್ತಿಗೆ ಆಡಳಿತ ಮಂಡಳಿಯವರು ಡೀಸೆಲ್ ಖರ್ಚು ನೋಡಿ ರೇಗಿದರು. ಸೂಪರ್ ಕಂಪ್ಯೂಟರ್ ಬಿಚ್ಚಿಹಾಕಿ, ಅದನ್ನು ನೋಡಿಕೊಳ್ಳುವ ಕೆಲಸವೂ ಬೇಡ ಎಂದರು. ಹೂವಿನ ಬುಟ್ಟಿಗೆ ಸುಟ್ಟ ಡೀಸೆಲ್ಲೂ ತಂಗಿಯ ತಲೆಗೇ ಬಂತು.

ಅವಳು ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತಳು. ನಾನು ಬಾಗಿಲಲ್ಲಿದ್ದೆ.

“ಸಾ, ಕಂಪ್ಯೂಟರ್‌ಗೆ ಬೇಕಾಗಿರೋದು ಚಳಿಯಲ್ಲ, ಗಾಳಿ. ಏಸಿ ಇಲ್ದೆ ಓಡ್ಸಿ ತೋರುಸ್ತೀನಿ.”

“ಏಸಿ ಇಲ್ದಿರೋ ಕಂಪ್ಯೂಟರ್ ರೂಮು ಅಂದ್ರೆ ಬಂದವ್ರು ಏನಂದ್ಕೋತಾರಮ್ಮ?”

“ಬಂದವ್ರಿಗೆ ಒಂದೊಂದು ಬೀಸಣಿಗೆ ಕೊಡಾನ ಸಾ.”

ಅವರು ನಗಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ಶುರುಮಾಡಿ ಸೋಮವಾರದವರೆಗೆ ಏಸಿ ಇಲ್ಲದೆ ನಿಲ್ಲದಂತೆ ಓಡಿದರೆ ಅವಳ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ ಎಂದು ಒಪ್ಪಿದರು.

ಅವತ್ತು ಮುದ್ದೆ ಮುರಿಯುತ್ತಾ ತಂಗಿ ಕೇಳಿದಳು: “ಅಣ್ಣ, ನಮ್ಮ ಹುಳ ಮನೇಲಿ ಏಸಿ ಇತ್ತಾ?”

“ಇದ್ದಿದ್ರೆ ಅವ್ವ ಹುಳ ಆಚ್ಗಾಕಿ ತಾನೇ ತಟ್ಟೇಲಿ ಮಲೀಕೊಳೋಳು.”

“ಅಲ್ವಾ? ಹುಳವೂ ಉಸಿರಾಡ್ತವೆ, ಬಿಸಿ ಬಿಡ್ತವೆ. ಇವೂ ಅಂಗೇಯ ಕಣಣ್ಣ.”

ಅವಳು ಮಾಡಿದ್ದು ದೊಡ್ಡ ಜಾದೂ ಏನಲ್ಲ. ತೀರ ಹಳೆಯ, ಕರೆಂಟ್ ಜಾಸ್ತಿ ತಿನ್ನುವ ಕಂಪ್ಯೂಟರುಗಳನ್ನು ಬಿಡಿಸಿಟ್ಟಳು. ಎಲ್ಲಕ್ಕೂ ಒಂದೊಂದು ಟೀವಿಯಂಥ ಮಾನಿಟರ್ ಯಾಕೆ ಎಂದು ಒಂದನ್ನು ಮಾತ್ರ ಉಳಿಸಿದಳು. ಪೆಟ್ಟಿಗೆಗಳ ಬೆನ್ನೆಲ್ಲ ಒಂದೇ ಕಡೆಗೆ ತಿರುಗಿಸಿ, ಆ ಗೋಡೆಯ ಮೇಲಿನ ವೆಂಟಿಲೇಟರಿನ ಗಾಜು ತೆಗೆಸಿದಳು. ಎದುರಿನ ಕಿಟಕಿಗಳಿಗೆ ಗೋಣಿ ತಾಟು ಕಟ್ಟಿದೆವು. ಕರೆಂಟ್ ಹೋದರೆ ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಜನರೇಟರೇ ಸಾಕು ಎಂದಳು. ಅದು ಕುಡಿಯುವುದೇ ಕಮ್ಮಿ. ಅದರಲ್ಲಿ ಕದಿಯುವುದೇನು?

ಶನಿವಾರವೆಲ್ಲ ಓಡಿತು. ಕೋಣೆ ಹಿತವಾಗಿತ್ತು. ದೊಡ್ಡ ಜನರೇಟರಿನ ಶಬ್ದ ಕೇಳದೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, “ಏನಣ್ಣೋ, ನಿನ್ ರಾಕ್ಷಸ ಸತ್ತೋದ್ನಾ?” ಎಂದಳು. ತಂಗಿ ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ಆಮೇಲೆ ನಾನು ನೋಡಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಊಟಕ್ಕೆಂದು ಮನೆಗೆ ಹೊರಟಳು. “ಅಣ್ಣ, ಗೋಣಿಗೆ ನೀರ ಚಿಮುಕ್ಸು, ಉಯ್ಬ್ಯಾಡ. ತೊಟ್ಟಿಕ್ಬಾರ್ದು. ರೂಮು ತೇವ ಆದ್ರೆ ಮುಗೀತು. ಗಳಿಗೆಗೊಂದ್ಸಲ ನೋಡ್ಕೊ, ಬಂದ್ಬುಡ್ತೀನಿ.”

ಅವಳು ಆ ಕಡೆ ಹೋದಳು, ಈ ಕಡೆಯಿಂದ ಟೆಂಪೋದವನು ಬಂದ. ದೊಡ್ಡ ಜನರೇಟರಿನ ಟ್ಯಾಂಕಿನಲ್ಲಿ ಡೀಸೆಲ್ ಹಾಗೇ ಉಳಿದಿತ್ತು. ಇನ್ನು ಮೇಲೆ ಸಿಗುವುದಿಲ್ಲ, ಇದ್ದಷ್ಟು ಬಸಿದುಬಿಡೋಣ ಎಂದು ನಾನೇ ಅವನಿಗೆ ಹೇಳಿ ಕಳಿಸಿದ್ದೆ. ಗೋಣಿ ಒಣಗಬಾರದಲ್ಲ ಎಂದು ಬಕೆಟ್‌ಗಟ್ಟಲೆ ನೀರು ಎರಚಿ ಅವನೊಂದಿಗೆ ಶೆಡ್ಡಿಗೆ ಹೋದೆ. ಡೀಸೆಲ್ ಬಸಿದು, ಟೀ ಕುಡಿದು, ಅವನ ಪೋಲಿ ಮಾತಿಗೆ ನಕ್ಕು ಬರುವಷ್ಟರಲ್ಲಿ ಗೋಣಿಯಿಂದ ಇಳಿದ ನೀರು ಕೋಣೆಯ ನೆಲದ ತುಂಬ ಹರಿದಿತ್ತು.

ಬಟ್ಟೆಯಿಂದ ಒರೆಸಿದೆ. ನೆಲ ಪಸೆ ಪಸೆಯಾಗಿಯೇ ಇತ್ತು. ತಂಗಿ ಬರುವ ಹೊತ್ತಾಗಿತ್ತು. ತೇವ ಹೀರಬೇಕು, ಬೇಗ ಹೀರಬೇಕು. ಕೈ ತಾನಾಗಿಯೇ ಶೆಡ್ಡಿನ ಸುಣ್ಣದ ಗಂಟಿಗೆ ಹೋಯಿತು. ಚೆಲ್ಲಿದ ಎಣ್ಣೆಯ ಮೇಲೆ ಉದುರಿಸಲೆಂದು ಅವ್ವನ ಹಳೆಯ ಸೀರೆ ತುಂಡಿನಲ್ಲೇ ಊರಿಂದ ಕಟ್ಟಿ ತಂದಿದ್ದೆ. ಅವ್ವ ತಟ್ಟೆಯ ಮೇಲೆ ತಟ್ಟುತ್ತಿದ್ದ ಹಾಗೆಯೇ ನೆಲಕ್ಕೆ, ಮೇಜಿನ ಕೆಳಗೆ, ಪೆಟ್ಟಿಗೆಗಳ ಸಂದಿಗೆ ತಟ್ಟಿದೆ. ಹುಳುವಿನ ಮನೆಯಲ್ಲಿ ಬೆಳೆದವನ ಬುದ್ಧಿ ಅಷ್ಟೇ. ಹುಳುವಿನ ಹೊಟ್ಟೆಯಲ್ಲಿ ಫ್ಯಾನ್ ತಿರುಗುವುದಿಲ್ಲ ಎಂಬುದು ಹೊಳೆಯಲಿಲ್ಲ. ಪೆಟ್ಟಿಗೆಗಳು ಸುಣ್ಣವನ್ನೆಲ್ಲ ಒಳಗೆ ಎಳೆದುಕೊಂಡವು. ಕಣ್ಣಿಗೆ ಕಂಡದ್ದನ್ನು ಗುಡಿಸಿ ಆಚೆ ಹಾಕಿ, ಏನೂ ಆಗದವನಂತೆ ಶೆಡ್ಡಿನಲ್ಲಿ ಕೂತೆ.

ಸಂಜೆಗೆ ಒಂದು ನಿಂತಿತು. ಆಮೇಲೆ ಇನ್ನೊಂದು. ಸುಟ್ಟ ವಾಸನೆ ಬಂತು. ತಂಗಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿ, ಒಂದು ಪೆಟ್ಟಿಗೆ ಬಿಚ್ಚಿದಳು. ಫ್ಯಾನಿನ ರೆಕ್ಕೆಗಳು ಬೆಳ್ಳಗಿದ್ದವು. ಬೆರಳಿಗೆ ಹಚ್ಚಿಕೊಂಡು ಉಜ್ಜಿ ಮೂಸಿದಳು. ನನ್ನ ಕಡೆ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ ಎಂದು ಬಹಳ ದಿನ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ.

ಸೋಮವಾರ ಕಾರ್ಯದರ್ಶಿಗಳು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. “ಸುಣ್ಣ ಯಾರು ಹಾಕಿದ್ದು?”

“ಅವ್ಳೇ ಏಳಿದ್ಲು ಸಾ,” ಎಂದೆ. “ಹುಳ ಮನೇಲಿ ಹಾಕ್ದಂಗೆ ಹಾಕು ಅಂದ್ಲು.”

ತಂಗಿ ಹೆಗಲ ಬ್ಯಾಗನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

“ಹೌದೇನಮ್ಮ?”

“ಲ್ಯಾಬ್ ನಂದು ಸಾ. ತಪ್ಪೂ ನಂದೇಯ.”

“ಹುಳ ಸಾಕೋರ ಕೈಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾಗುತ್ತೆ? ಪುಣ್ಯಕ್ಕೆ ಸಗಣಿ ಸಾರ್ಸಿಲ್ಲ!” ಎಂದು ಅವರು ಗಹಗಹಿಸಿದರು. ನಾನೂ ನಕ್ಕೆ. ಯಾರೂ ನಗು ಎಂದಿರಲಿಲ್ಲ. ಹಲ್ಲು ಕಿರಿದು, ತಲೆ ಅಲ್ಲಾಡಿಸಿ, ನನ್ನ ಅವ್ವನ ಕಸುಬಿಗೆ, ನನ್ನ ತಂಗಿಯ ಬುದ್ಧಿಗೆ ಅವರೊಂದಿಗೆ ಸೇರಿ ನಕ್ಕೆ. ಆ ನಗು ನೆನಪಾದಾಗಲೆಲ್ಲ ಬಾಯಿಗೆ ಕಹಿ ನೀರು ಬರುತ್ತದೆ, ಎದ್ದು ಹೋಗಿ ಉಗಿದು ಬರುತ್ತೇನೆ.

ಅವತ್ತೇ ವೆಂಟಿಲೇಟರಿಗೆ ಗಾಜು ಹಾಕಿಸಿದರು, ಏಸಿ ಶುರುವಾಯಿತು. ರಾಕ್ಷಸ ಎದ್ದು ಕೂತ. ನನಗೆ ಡೀಸೆಲ್ ಮತ್ತೆ ಸಿಕ್ಕಿತು. ಸಂಜೆ ತಂಗಿಗೆಂದು ಮೈಸೂರುಪಾಕ್ ಕಟ್ಟಿಸಿಕೊಂಡು ಹೋದೆ. ಅವಳು ತಿಂದಳು. ಮಾರನೆಯ ದಿನ ಬಟ್ಟೆಬರೆ ಗಂಟು ಕಟ್ಟಿಕೊಂಡು ಅಗರದ ಬಸ್ಸು ಹತ್ತಿದಳು. ಮೈಸೂರಿನ ಮೇಷ್ಟ್ರು ಒಮ್ಮೆ ಬಂದು ಅವಳನ್ನು ಕೇಳಿದರು. ಊರಿಗೆ ಹೋದಳು ಎಂದೆ. ಯಾಕೆಂದು ಹೇಳಲಿಲ್ಲ. ಅವರು ಮತ್ತೆ ಬರಲಿಲ್ಲ. ಹೊಳೆಯ ಲೆಕ್ಕ ಏನಾಯಿತೋ.

2004ರಲ್ಲಿ ಒಂದು ದಿನ ಅಗರಕ್ಕೆ ಹೋದಾಗ ತಂಗಿ ಹುಳು ಮನೆಯಲ್ಲಿದ್ದಳು. ಹುಳು ಜ್ವರಕ್ಕೆ ಕೂತಿದ್ದವು. ಅವಳು ಸುಣ್ಣ ತಟ್ಟುತ್ತಿದ್ದಳು. ಕೈಯಲ್ಲಿದ್ದ ಗಂಟಿನ ಒಂದು ಮೂಲೆಗೆ ಎಣ್ಣೆಯ ಕರಿ ಕಲೆ. ನನ್ನ ಶೆಡ್ಡಿನ ಗಂಟು.

“ಇದೆಲ್ಲಿತ್ತು?” ಎಂದೆ.

“ಲ್ಯಾಬಿನ ಬಾಗ್ಲಿಂದೆ ಬಿದ್ದಿತ್ತು. ಅವ್ವನ ಸೀರೆ ಗುರ್ತು ಸಿಗಲ್ವಾ ನಂಗೆ? ಸೋಮ್ವಾರ ನನ್ ಬ್ಯಾಗಲ್ಲೇ ಇತ್ತು.”

“ಮತ್ಯಾಕೆ ತೋರಿಸ್ನಿಲ್ಲ?”

“ಯಾರ್ದಾರ ಕೈಗೆ ಸಿಕ್ಕಿ ನಿನ್ ಕೆಲ್ಸ ಓದಾತು ಅಂತ ಮುಚ್ಚಿಟ್ಟೆ. ಗೊತ್ತಿಲ್ದೆ ಮಾಡ್ದ, ಪಾಪ ಅಂತ.” ಅವಳ ಕೈ ತಟ್ಟುತ್ತಲೇ ಇತ್ತು. “ನೀನು ಅಂಗಂತೀಯ ಅಂತ ಗೊತ್ತಿರ್ನಿಲ್ಲ ನಂಗೆ.”

ಅಲ್ಲಿಗೆ ಬಿಡಬಹುದಿತ್ತು. ಗೊತ್ತಿಲ್ಲದೆ ಮಾಡಿದ, ಹೆದರಿ ಸುಳ್ಳು ಹೇಳಿದ ಎಂದು ಅವಳು ನಂಬಿದ್ದಳು. ಆ ‘ಪಾಪ’ವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ನಾನು ಅವತ್ತು ಅಲ್ಲಿರ್ನಿಲ್ಲ ಕಣವ್ವ,” ಎಂದೆ. “ಡೀಸೆಲ್ ಬಸಿಯಕ್ ಓಗಿದ್ದೆ. ಮುಂಚಿಂದ್ಲೂ ಮಾರ್ತಿದ್ದೆ. ಏಸಿ ನಿಂತ್ರೆ ನಂಗೆ ಸಿಕ್ತಿರ್ನಿಲ್ಲ. ಈಗ್ಲೂ ಮಾರ್ತೀನಿ.”

ಅವಳ ಕೈ ನಿಂತಿತು. ಗಂಟನ್ನು ತಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಇಟ್ಟಳು. ಅಳುತ್ತಾಳೆ, ಬೈಯುತ್ತಾಳೆ, ಏನಾದರೊಂದು ಮಾಡುತ್ತಾಳೆ ಎಂದು ನಿಂತೇ ಇದ್ದೆ.

“ಆಚ್ಗೆ ಓಗು,” ಎಂದಳು. “ಹುಳ ಜ್ವರಕ್ಕೆ ಕೂತವೆ. ಡೀಸೆಲ್ ವಾಸ್ನೆ ಆಗಲ್ಲ ಅವ್ಕೆ.”

ಬೆಳಿಗ್ಗೆ ಸೋಪು ಹಚ್ಚಿ ಮಿಂದು ಬಂದಿದ್ದೆ. ಹೊಸ್ತಿಲು ದಾಟಿದೆ. ಬೆನ್ನ ಹಿಂದೆ ಅವಳು ಬಾಗಿಲಿಗೆ ಗೋಣಿ ತಾಟು ಇಳಿಬಿಟ್ಟು ನೀರು ಚಿಮುಕಿಸಿದ ಸದ್ದು ಕೇಳಿತು. ಅಂಗಳದಲ್ಲಿ ನಿಂತು ಅಂಗೈ ಮೂಸಿ ನೋಡಿಕೊಂಡೆ. ಇತ್ತು.